ಅಳತೆ ನನ್ನದು, ಪೆಟ್ಟಿಗೆ ಅವಳದು

ಕಳೆದ ಬೇಸಿಗೆಯಲ್ಲಿ ಮಣಿಪಾಲದಿಂದ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಕಾಪುವಿನ ನಮ್ಮ ಮನೆಗೆ ಬಂದಿದ್ದ. ನನ್ನ ಕೋಣೆಯ ಮೂಲೆಯಲ್ಲಿರುವ ಮರದ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು, ಕಬ್ಬಿಣದ ಪಟ್ಟಿಗಳ ಮೇಲೆ ಬೆರಳಾಡಿಸಿ, ಮುಚ್ಚಳ ಎತ್ತಿ ಒಳಗೆ ಮೂಗು ಹಾಕಿ, ಮುಖ ಹಿಂಡಿಕೊಂಡು ಹಿಂದೆ ಸರಿದ. ಆಮೇಲೆ ಇದು ಇಟಲಿಯದು, ಅಖರೋಟಿನ ಮರ, ಇಂಥದ್ದು ಈಗ ಸಿಗುವುದಿಲ್ಲ ಎಂದು ನನಗೇ ಪಾಠ ಹೇಳಿದ. ಇಟಲಿಯದು ಎಂದು ತಿಳಿಯಲು ನನಗೆ ಮಣಿಪಾಲದವರು ಬೇಕಿರಲಿಲ್ಲ. ಹೊರಡುವ ಮುಂಚೆ, ಇವುಗಳನ್ನು ಸಾಮಾನ್ಯವಾಗಿ ಜೋಡಿಯಾಗಿ ಮಾಡುತ್ತಿದ್ದರು, ಇದರ ಜೋಡಿ ಎಲ್ಲಿ ಎಂದು ಕೇಳಿದ.

"ಹೆಜಮಾಡಿಗೆ ಮದುವೆ ಮಾಡಿ ಕೊಟ್ಟಿದ್ದೇವೆ" ಎಂದೆ.

ಅವನು ನಕ್ಕ. ಮುದುಕಿ ತಮಾಷೆ ಮಾಡುತ್ತಾಳೆ ಎಂದುಕೊಂಡಿರಬೇಕು. ಮಾರುವುದಿಲ್ಲ ಎಂದು ಹೇಳಿ ಚಾ ಕುಡಿಸಿ ಕಳಿಸಿದೆ. ನಾನು ಹೇಳಿದ್ದು ನಿಜವೇ ಆಗಿತ್ತು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಕೇಳಿದವನಿಗೆ ಹೇಳಿದರೆ ನಂಬಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಆ ಮಾತುಗಳನ್ನು ನಮ್ಮ ಕಡೆಯ ಕನ್ನಡಕ್ಕೆ ಹೊಂದಿಸಿಕೊಂಡಿದ್ದೇನೆ.

ನನ್ನ ಅಜ್ಜಿಯ ಅಣ್ಣ ಕಾರ್ಕಳದ ಕಡೆ ಇಟಲಿಯ ಪಾದ್ರಿಯೊಬ್ಬರ ಬಂಗಲೆಯಲ್ಲಿ ಅಡುಗೆಗಿದ್ದನಂತೆ. ಅವನು ಮಾಡುವ ಮೀನಿನ ಪುಳಿಮುಂಚಿ ಉಣ್ಣುತ್ತಾ ಪಾದ್ರಿ ಕಣ್ಣಲ್ಲಿ ನೀರು ಸುರಿಸಿಕೊಂಡು ಇನ್ನಷ್ಟು ಬಡಿಸು ಎನ್ನುತ್ತಿದ್ದರಂತೆ. ವಯಸ್ಸಾಗಿ ತಮ್ಮ ದೇಶಕ್ಕೆ ಮರಳುವಾಗ, ಬರುವಾಗ ತಂದಿದ್ದ ಎರಡು ಪೆಟ್ಟಿಗೆಗಳನ್ನು ಅಡುಗೆಯವನಿಗೇ ಬಿಟ್ಟುಹೋದರು. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಪೆಟ್ಟಿಗೆಗಳು ತಂಗಿಯ ಮನೆಗೆ ಬಂದವು. ಎರಡೂ ಒಂದೇ ಅಚ್ಚು. ಕಪ್ಪಿಗೆ ತಿರುಗಿದ ಕಂದು ಮರ, ಸುತ್ತ ಅಗಲವಾದ ಕಬ್ಬಿಣದ ಪಟ್ಟಿ, ಪಟ್ಟಿಯುದ್ದಕ್ಕೂ ದಪ್ಪ ತಲೆಯ ಮೊಳೆ, ಎರಡು ಬದಿಗೆ ಕೈ ತುಂಬುವ ಕಬ್ಬಿಣದ ಹಿಡಿ, ಮುಂದೆ ನಾಲಿಗೆಯ ಹಾಗೆ ಜೋಲುವ ಕೊಂಡಿ. ಮುಚ್ಚಳದ ಒಳಬದಿಯಲ್ಲಿ ಶಿಲುಬೆ ಕಿತ್ತು ತೆಗೆದ ಗುರುತು. ಒಬ್ಬರಿಂದ ಎತ್ತಲು ಆಗುತ್ತಿರಲಿಲ್ಲ. ಅಜ್ಜಿ ಮೊದಲು ಅವುಗಳಲ್ಲಿ ಬಲೆಯ ಬೆಂಡು, ಹಗ್ಗದ ತುಂಡು ಹಾಕಿಡುತ್ತಿದ್ದಳಂತೆ. ಅಮ್ಮನಿಗೆ ಅವಳಿ ಹೆಣ್ಣುಮಕ್ಕಳಾದಾಗ ಎರಡನ್ನೂ ಖಾಲಿ ಮಾಡಿ ತೊಳೆದು ಬಿಸಿಲಿಗಿಟ್ಟು, ಇಬ್ಬರಿಗೆ ಎರಡು ಎಂದು ತೀರ್ಮಾನ ಕೊಟ್ಟಳು. ಮೊದಲು ಹುಟ್ಟಿದವಳು ಸುಗುಣ, ಹಿಂದೆಯೇ ಬಂದವಳು ನಾನು, ಸುಮತಿ. ನಡೆಯಲು ಕಲಿಯುವ ಹೊತ್ತಿಗೆ ಸುಗುಣ ಜ್ವರ ಬಂದು ತೀರಿಕೊಂಡಳು. ಪೆಟ್ಟಿಗೆ ಮಾತ್ರ ಅವಳದಾಗಿಯೇ ಉಳಿಯಿತು.

ಉಳಿಯಿತು ಎಂದರೆ ಸುಮ್ಮನೆ ಉಳಿದದ್ದಲ್ಲ. ತೀರಿಕೊಂಡವರನ್ನು ನಮ್ಮಲ್ಲಿ ಕುಲೆ ಎನ್ನುತ್ತಾರೆ. ಮಗುವಾಗಿ ಹೋದವರು ಮಗುವಾಗಿಯೇ ಇರುವುದಿಲ್ಲ, ಆ ಕಡೆಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ ಎಂಬುದು ನಂಬಿಕೆ. ಬೆಳೆಯುವ ಮಗುವಿಗೆ ಬಟ್ಟೆ ಬೇಡವೇ? ದೀಪಾವಳಿಗೆ ಅಮ್ಮ ನನ್ನನ್ನು ಕಾಪು ಪೇಟೆಯ ದರ್ಜಿಯ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದಳು. ಒಂದೇ ಥಾನಿನಿಂದ ಎರಡು ಲಂಗ, ಎರಡು ರವಿಕೆ. ನನ್ನ ಮೈಗೆ ಟೇಪು ಹಿಡಿದ ದರ್ಜಿ ಇನ್ನೊಬ್ಬಳ ಅಳತೆ ಎಂದು ತಲೆಯೆತ್ತಿದರೆ, ಅಮ್ಮ ಒಂದೇ ಮಾತು ಹೇಳುತ್ತಿದ್ದಳು.

"ಅದೇ ಅಳತೆ. ಒಂದು ಬೆರಳು ಉದ್ದ ಇರಲಿ. ಅವಳು ದೊಡ್ಡವಳಲ್ವಾ."

ಆ ಒಂದು ಬೆರಳಿನ ಮೇಲೆ ನನಗೆ ಇದ್ದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಲಂಗ ಶಾಲೆ, ಕಡಲತಡಿ, ಮುಳ್ಳುಬೇಲಿ ಎಲ್ಲ ಕಂಡು ಮಾಸಿ ಹರಿಯುತ್ತಿತ್ತು. ಅವಳದು ಮಡಿಕೆ ಬಿಚ್ಚದೆ ಪೆಟ್ಟಿಗೆಯೊಳಗೆ ಹೊಸದಾಗಿಯೇ ಇರುತ್ತಿತ್ತು. ತಳದಲ್ಲಿ ತೊಟ್ಟಿಲ ಕಾಲದ ಜುಬ್ಬ, ಅದರ ಮೇಲೆ ಚಿಕ್ಕ ಫ್ರಾಕು, ಮೇಲೆ ಮೇಲೆ ದೊಡ್ಡದು. ಮಧ್ಯಾಹ್ನ ಊಟವಾಗಿ ಅಜ್ಜಿ ಮಲಗಿದ ಮೇಲೆ ಅಮ್ಮ ಕೊಂಡಿ ತೆಗೆದು ಅದರ ಮುಂದೆ ಕೂರುತ್ತಿದ್ದಳು. ಮುಚ್ಚಳದ ತಿರುಗಣೆ ಕಿರ್ ಎಂದರೆ ನಾನು ಎಲ್ಲಿದ್ದರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅಮ್ಮ ಒಂದೊಂದನ್ನೇ ತೆಗೆದು ತೊಡೆಯ ಮೇಲಿಟ್ಟು, ಸವರಿ, ಮತ್ತೆ ಮಡಚಿ ಇಡುತ್ತಿದ್ದಳು. ನಾನು ನಿಂತದ್ದು ಅವಳಿಗೆ ಗೊತ್ತಿರುತ್ತಿತ್ತು. ಕೆಲವೊಮ್ಮೆ ಇಲ್ಲಿ ಬಾ ಎಂದು ಕರೆದು ನನ್ನ ಭುಜಕ್ಕೆ ರವಿಕೆ ಹಿಡಿದು ನೋಡುತ್ತಿದ್ದಳು. ಅವಳ ಕಣ್ಣು ರವಿಕೆಯ ಮೇಲಿರುತ್ತಿತ್ತು, ನನ್ನ ಮೇಲಲ್ಲ. ನನಗೆ ಅಳು ಬರುತ್ತಿತ್ತು. ಬದುಕಿದ್ದೇ ತಪ್ಪಾಯಿತೇನೋ ಎನಿಸುತ್ತಿತ್ತು.

ಊಟದಲ್ಲಿಯೂ ಅಷ್ಟೇ. ಹಬ್ಬದ ದಿನ ನನ್ನ ಪಕ್ಕದಲ್ಲಿ ಸುಗುಣಳಿಗೆ ಎಲೆ ಹಾಕುತ್ತಿದ್ದರು. ಅಂಜಲ್ ಮೀನಿನ ಒಳ್ಳೆಯ ನಡುತುಂಡು ಅವಳ ಎಲೆಗೆ. ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು, ಅವಳು ಉಂಡಾಗಿರಬಹುದು ಎನ್ನುವಷ್ಟು ಹೊತ್ತು ಕಾದು, ಮತ್ತೆ ಒಳಗೆ ಹೋಗುವುದು. ಆಮೇಲೆ ಆ ತುಂಡು ನನಗೆ. ನಾನು ಬಾಲ್ಯದಲ್ಲಿ ತಿಂದ ಒಳ್ಳೆಯ ಮೀನೆಲ್ಲ ಆರಿದ ಮೀನು. ಒಮ್ಮೆ ಅಜ್ಜಿಗೂ ಅಮ್ಮನಿಗೂ ಇದೇ ವಿಷಯಕ್ಕೆ ಜೋರು ಜಗಳವಾಯಿತು. ಅಜ್ಜಿ ಮೀನು ಮಾರುವವಳು, ಅವಳ ಗಂಟಲು ಪೇಟೆಯ ತನಕ ಕೇಳುತ್ತಿತ್ತು.

"ಕುಲೆಗೆ ವರ್ಷಕ್ಕೊಮ್ಮೆ ಬಡಿಸಿದರೆ ಸಾಕು ಮಾರಾಯ್ತಿ. ನೀನು ಎಂತ, ದಿನಾ ಸಾಕ್ತಾ ಇದ್ದೀಯಾ? ಹೀಗೆ ಹಿಡಿದುಕೊಂಡರೆ ಅವಳು ಹೋಗುವುದು ಹೇಗೆ?"

"ಅವಳು ಹೋಗಬೇಕೂಂತ ಯಾರು ಹೇಳಿದ್ದು?" ಎಂದಳು ಅಮ್ಮ.

ಅಪ್ಪ ಅಂಗಳದಲ್ಲಿ ಬಲೆಯ ತೂತು ಕಟ್ಟುತ್ತಿದ್ದವನು ತಲೆಯೆತ್ತಲಿಲ್ಲ. ಮಲ್ಪೆಯಲ್ಲಿ ಬೋಟಿಗೆ ಹೋಗುವ ಅವನು ಮನೆಗೆ ಬಂದರೂ ಅರ್ಧ ಕಡಲಲ್ಲೇ ಇರುತ್ತಿದ್ದ.

ಮಳೆಗಾಲಕ್ಕೆ ಮೊದಲು ದೋಣಿಯ ಮರಕ್ಕೆ ನಾರುವ ಬೂತಾಯಿ ಮೀನಿನ ಎಣ್ಣೆ ಬಳಿಯುವುದು ನಮ್ಮ ತೀರದ ರೂಢಿ. ಅದರಲ್ಲಿ ಒಂದು ತೆಂಗಿನ ಗೆರಟೆ ಎಣ್ಣೆ ನಮ್ಮ ಪೆಟ್ಟಿಗೆಗಳಿಗೂ ಬರುತ್ತಿತ್ತು. ಉಪ್ಪುಗಾಳಿಗೆ ಕಬ್ಬಿಣ ನಿಲ್ಲಬೇಕಲ್ಲ. ಅಜ್ಜಿ ಪಟ್ಟಿ, ಮೊಳೆ, ಕೊಂಡಿ ಎಲ್ಲಕ್ಕೂ ಎಣ್ಣೆ ತಿಕ್ಕಿ, ಮುಚ್ಚಳದ ಸಂದಿಗೆ ಎಣ್ಣೆ ಬಟ್ಟೆ ತುರುಕಿ ಬಂದ್ ಮಾಡುತ್ತಿದ್ದಳು. ಮಳೆ ಪೂರ್ತಿ ಬಿಟ್ಟು ಒಳ್ಳೆಯ ಬಿಸಿಲು ಬರುವ ತನಕ ಯಾರೂ ತೆಗೆಯುವಂತಿಲ್ಲ. ತೆಗೆದರೆ ಬಟ್ಟೆಗೆ ಬೂಷ್ಟು. ಆ ದಿನಗಳಲ್ಲಿ ಉಡುವ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಾ ಒಣಗುತ್ತಿತ್ತು. ಇಟಲಿಯ ಆ ಮರಕ್ಕೆ ನಮ್ಮ ಮಳೆ ಕೊನೆಗೂ ರೂಢಿಯಾಗಲಿಲ್ಲ. ನೀರು ಕುಡಿದು ಉಬ್ಬಿ, ಕಬ್ಬಿಣದ ಪಟ್ಟಿಗೆ ಒತ್ತಿ, ಇದ್ದಕ್ಕಿದ್ದಂತೆ ಟಕ್ ಎನ್ನುತ್ತಿತ್ತು. ಎರಡೂ ಹೀಗೇ ಸದ್ದು ಮಾಡುತ್ತಿದ್ದವು, ಆದರೆ ನನ್ನದು ಮಾಡಿದರೆ ಯಾರಿಗೂ ಲೆಕ್ಕಕ್ಕಿಲ್ಲ. ಸುಗುಣಳ ಪೆಟ್ಟಿಗೆಯಿಂದ ಟಕ್ ಕೇಳಿದರೆ ಅಜ್ಜಿ ಒಲೆಯ ಮುಂದಿನಿಂದಲೇ, "ಹುಡುಗಿ ಮಗ್ಗುಲು ಬದಲಿಸಿದಳು" ಎನ್ನುತ್ತಿದ್ದಳು. ನಾನು ಮಲಗುತ್ತಿದ್ದದ್ದು ಆ ಪೆಟ್ಟಿಗೆಗಳ ಬದಿಯಲ್ಲೇ ಚಾಪೆ ಹಾಸಿಕೊಂಡು.

ನಾನು ದೊಡ್ಡವಳಾದ ವರ್ಷ ಎಲ್ಲ ಬದಲಾಯಿತು. ಸ್ನಾನ ಮಾಡಿಸಿ, ಹೂ ಮುಡಿಸಿ, ಆರತಿ ಮಾಡಿ ಎಲ್ಲರೂ ಹೋದ ಮೇಲೆ ಅಜ್ಜಿ ಅಮ್ಮನ ಎದುರು ಕೂತಳು.

"ಇವಳು ಪ್ರಾಯಕ್ಕೆ ಬಂದಳು ಅಂದರೆ ಅವಳೂ ಬಂದಳು. ಇನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಲೀಲಾ. ಮೊನ್ನೆ ಕನಸಿನಲ್ಲಿ ಬಾವಿಕಟ್ಟೆಯಲ್ಲಿ ತಲೆ ಬಿಚ್ಚಿ ನಿಂತಿದ್ದಳು. ಇವಳ ಮದುವೆಗೆ ಅವಳು ಅಡ್ಡ ಬರುವುದು ಬೇಡ."

ಅಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಉಚ್ಚಿಲದ ನೆಂಟರೊಬ್ಬರ ಮೂಲಕ ಹೆಜಮಾಡಿಯ ಸಂಬಂಧ ಬಂತು. ಹುಡುಗ ಚಿಕ್ಕಂದಿನಲ್ಲೇ ಕೆರೆಗೆ ಬಿದ್ದು ಹೋದವನು, ತಾಯಿಗೆ ಒಬ್ಬನೇ ಮಗ. ಬದುಕಿರುವವರಿಗೆ ನೋಡುವ ಹಾಗೆಯೇ ಬಳಿ, ಅಂದರೆ ಕುಲ, ನೋಡಿದರು, ಮನೆ ನೋಡಿದರು, ವೀಳ್ಯ ಬದಲಿಸಿದರು. ಮಳೆ ಜಡಿಯುವ ಆಟಿ ತಿಂಗಳಲ್ಲಿ ನಮ್ಮ ಮದುವೆಗಳು ನಡೆಯುವುದಿಲ್ಲ, ಕುಲೆಗಳ ಮದುವೆ ನಡೆಯುವುದು ಆಗಲೇ. ಚಾವಡಿಯಲ್ಲಿ ಎರಡು ಮಣೆ ಹಾಕಿ, ಒಂದರ ಮೇಲೆ ಸೀರೆ, ಒಂದರ ಮೇಲೆ ಪಂಚೆ ಇಟ್ಟು, ಮಾಲೆ ಬದಲಿಸಿ ಧಾರೆ ಎರೆಯುತ್ತಾರೆ. ಮದುವೆಯಾಗದವರು ಅದನ್ನು ನೋಡಬಾರದು. ಹಾಗಾಗಿ ನನ್ನನ್ನು ಬೆಳಗ್ಗೆಯೇ ನೆರೆಮನೆಗೆ ಕಳಿಸಿದ್ದರು. ಮದುಮಗಳ ಬಟ್ಟೆಬರೆ ಗಂಡನ ಮನೆಗೆ ಹೋಗಬೇಕಲ್ಲ, ಪೆಟ್ಟಿಗೆಯನ್ನೇ ಕೊಟ್ಟು ಕಳಿಸುವುದೆಂದು ಮಾತಾಗಿತ್ತು. ಮಧ್ಯಾಹ್ನದ ಮೇಲೆ ನೆರೆಮನೆಯ ಕಿಟಕಿಯಿಂದ ನೋಡಿದೆ. ಮೀನು ಸಾಗಿಸುವ ಟೆಂಪೋವನ್ನು ತೊಳೆದು, ಮಾವಿನೆಲೆ ಕಟ್ಟಿ ನಿಲ್ಲಿಸಿದ್ದರು. ಅಪ್ಪನೂ ಇನ್ನೊಬ್ಬರೂ ಪೆಟ್ಟಿಗೆಯನ್ನು ಎತ್ತಿ ಅದರೊಳಗಿಟ್ಟರು. ಮಳೆ ಹನಿಯುತ್ತಿತ್ತು. ಟೆಂಪೋ ತೆಂಗಿನ ಮರಗಳ ಆಚೆ ತಿರುಗಿದಾಗ ನನಗೆ ಆದದ್ದು ಖುಷಿ. ಬರೀ ಖುಷಿ. ಪೀಡೆ ತೊಲಗಿತು, ಇನ್ನು ಅಮ್ಮ ನನ್ನವಳು ಎಂದುಕೊಂಡೆ.

ಹಾಗೇನೂ ಆಗಲಿಲ್ಲ. ಅಮ್ಮ ಮೊದಲಿನಂತೆಯೇ ಮಧ್ಯಾಹ್ನ ಒಳಕೋಣೆಗೆ ಹೋಗಿ, ಉಳಿದ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಬೆನ್ನು ಕೊಟ್ಟದ್ದು ನನ್ನ ಪೆಟ್ಟಿಗೆಗೆ ಎಂದು ನಾನು ಹಿಗ್ಗಿದೆ. ನನಗೆ ಮಾತ್ರ ಆ ಮಳೆಯಲ್ಲಿ ಊಟ ಸೇರದಾಯಿತು. ಗಂಜಿ ಬಾಯಿಗೆ ಇಟ್ಟರೆ ಆಗಲೇ ಉಂಡು ಎದ್ದ ಹಾಗೆ ಹೊಟ್ಟೆ ತುಂಬಿದಂತೆ ಅನಿಸುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಜ್ವರ. ಆದರೂ ಮೈ ಬೆಳೆಯುವುದು ನಿಲ್ಲಲಿಲ್ಲ. ಪ್ರಾಯದ ಹುಡುಗಿ, ಮಳೆಗಾಲ, ಹಾಗೆಯೇ ಎಂದು ಅಜ್ಜಿ ಕಷಾಯ ಕುಡಿಸಿದಳು. ಅಮ್ಮ ಹಣೆ ಮುಟ್ಟಿ ನೋಡುತ್ತಿದ್ದಳು, ಮುಟ್ಟಿದ ಕೈಯನ್ನು ಬೇಗನೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಮಳೆ ಬಿಟ್ಟು, ದೀಪಾವಳಿ ಹತ್ತಿರ ಬಂದಿತ್ತು. ನಾವಿನ್ನೂ ಪೆಟ್ಟಿಗೆ ತೆಗೆದಿರಲಿಲ್ಲ. ಒಂದು ಬೆಳಗ್ಗೆ ಅಂಗಳಕ್ಕೆ ಒಂದು ಟೆಂಪೋ ಬಂದು ನಿಂತಿತು. ಮುಂದಿನ ಸೀಟಿನಿಂದ ಇಳಿದವರು ಹೆಜಮಾಡಿಯ ಹುಡುಗನ ತಾಯಿ. ನಾನು ಅವರನ್ನು ಕಂಡದ್ದು ಅದೇ ಮೊದಲು. ಅಕ್ಕನ ಅತ್ತೆ ಎಂದರೆ ನನಗೂ ಅತ್ತೆಯೇ. ಸಣಕಲು ಮೈ, ಬಿಳಿ ಕೂದಲು, ಅವಸರವಿಲ್ಲದ ನಡಿಗೆ. ಹಿಂದೆ ಡ್ರೈವರನೂ ಇನ್ನೊಬ್ಬನೂ ಪೆಟ್ಟಿಗೆ ಇಳಿಸಿ ಜಗಲಿಯಲ್ಲಿಟ್ಟು, ಬೀಡಿ ಸೇದಲು ರಸ್ತೆಯ ಕಡೆ ಹೋದರು. ಅಜ್ಜಿ ಗಾಬರಿಯಿಂದ ಎದ್ದು ನಿಂತಳು. ಕೊಟ್ಟ ಹೆಣ್ಣನ್ನು ತಿರುಗಿ ತಂದು ಬಿಟ್ಟಂತೆ ಅದು. ನೀರು ಬೆಲ್ಲ ಕೊಟ್ಟರೆ ಅತ್ತೆ ಮುಟ್ಟಲಿಲ್ಲ.

"ನಿಮ್ಮ ಇನ್ನೊಬ್ಬಳು ಮಗಳು ಎಲ್ಲಿ? ಒಮ್ಮೆ ನೋಡಬೇಕು" ಎಂದರು.

ನಾನು ಬಾಗಿಲ ಹಿಂದಿನಿಂದ ಬಂದು ನಿಂತೆ. ಅವರು ನನ್ನನ್ನು ಹತ್ತಿರ ಕರೆದು, ಕೈ ಹಿಡಿದು, ಮೊಣಕೈ ತನಕ ಸವರಿದರು. ಬಿಸಿ ಉಂಟೋ ಎಂದು ನೋಡುವವರ ಹಾಗೆ. ಆಮೇಲೆ ಅಮ್ಮನ ಕಡೆ ತಿರುಗಿದರು.

"ನಿನ್ನೆ ಬಿಸಿಲು ಬಂತೂಂತ ಪೆಟ್ಟಿಗೆ ತೆಗೆದೆ ತಂಗೀ. ಸೊಸೆಯ ಬಟ್ಟೆ ಒಣಗಿಸುವಾಂತ. ಲಂಗದ ಅಂಚಿನಲ್ಲಿ ಹರಿದು ಹೊಲಿದದ್ದು ಉಂಟು. ರವಿಕೆಯ ಕಂಕುಳಲ್ಲಿ ಬೆವರಿನ ಕಲೆ. ಒಂದರಲ್ಲಿ ಮಾವಿನಕಾಯಿಯ ಸೊನೆ. ಸತ್ತವರು ಬೆವರುತ್ತಾರಾ?"

ಅಜ್ಜಿ ಅಮ್ಮನನ್ನು ನೋಡಿದಳು. ನಾನೂ ನೋಡಿದೆ. ಅಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಯಾವ ಪೆಟ್ಟಿಗೆ ಎತ್ತಬೇಕೆಂದು ಆ ದಿನ ಗಂಡಸರು ಕೇಳಿದಾಗ ತೋರಿಸಿದವಳು ಅವಳೇ. ಎರಡೂ ಒಂದೇ ಅಚ್ಚು, ಮದುವೆಗೆ ಮನೆ ತೊಳೆಯುವಾಗ ಇಟ್ಟ ಜಾಗವೂ ಬದಲಾಗಿತ್ತು; ಯಾವುದು ಯಾರದೆಂದು ಅಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ತಪ್ಪಾಗಿ ತೋರಿಸಿದೆ ಎಂದು ಅವಳು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಹೇಳಲಿಲ್ಲ.

ಅತ್ತೆ ಹೇಳಿದರು. "ನಾನು ಅವರ ಮದುವೆಯಾದಲ್ಲಿಂದ ಎರಡು ಎಲೆ ಹಾಕ್ತಾ ಇದ್ದೇನೆ. ಮಗನಿಗೊಂದು, ಸೊಸೆಗೊಂದು. ಬಾ ಮಗಾ, ಉಣ್ಣು ಅಂತ ಕರೆದು ಬಡಿಸಿದ್ದೇನೆ. ಯಾರನ್ನು ಕರೆದದ್ದು ನಾನು? ಈ ಜೀವ ಇರುವ ಮಗುವನ್ನಾ?"

ಆ ಮಳೆಗಾಲವಿಡೀ ಹಸಿವಾಗದೆ ಇದ್ದ ನನ್ನ ಹೊಟ್ಟೆಯ ನೆನಪಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲವೆಂದು ಇವತ್ತು ಹೇಳಬಲ್ಲೆ; ಹೇಳುವಾಗ ದನಿ ಮಾತ್ರ ಗಟ್ಟಿ ಬರುವುದಿಲ್ಲ. ಅಜ್ಜಿ ಅಮ್ಮನ ಮೇಲೆ ಹರಿಹಾಯ್ದಳು. ಹೆತ್ತವಳಾ ನೀನು, ಬದುಕಿರುವ ಮಗಳನ್ನು ಕುಲೆಗೆ ಕೊಡುತ್ತೀಯಾ ಎಂದು ಕೂಗಿದಳು. ಅಮ್ಮ ಬಾಯಿ ಬಿಟ್ಟದ್ದು ಆಗ.

"ಇವಳು ನನ್ನ ಕಣ್ಣ ಮುಂದೆ ಇದ್ದಾಳೆ. ಬಟ್ಟೆ ಹೋದರೆ ಬೇರೆ ಬರುತ್ತದೆ. ಅವಳದು ಆ ಬಟ್ಟೆ ಬಿಟ್ಟರೆ ನನ್ನ ಹತ್ತಿರ ಎಂತ ಉಂಟು?"

ಅಮ್ಮ ನನ್ನನ್ನು ಕೊಟ್ಟದ್ದಕ್ಕಿಂತ, ಕೊಡುವಾಗ ನನ್ನ ಬಗ್ಗೆ ಅವಳಿಗೆ ಯೋಚನೆಯೇ ಬರಲಿಲ್ಲ ಎಂಬುದು ನನ್ನನ್ನು ಸುಟ್ಟಿತು. ಅವಳ ಪ್ರಕಾರ ನಾನು ಇದ್ದೇನೆ. ಇರುವವಳಿಗೆ ಏನಾಗುತ್ತದೆ? ಅತ್ತೆ ಸಿಟ್ಟಾಗಲಿಲ್ಲ. ಜಗಲಿಯ ಅಂಚಿನಲ್ಲಿ ಕೂತರು.

"ನನ್ನ ಹತ್ತಿರವೂ ಅಷ್ಟೇ. ಒಂದು ಚಡ್ಡಿ, ಒಂದು ಅಂಗಿ. ಅದನ್ನು ಹಿಡಿದುಕೊಂಡು ಮುದುಕಿಯಾದೆ. ಸೊಸೆ ಬಂದಳೂಂತ ಮನೆಗೆ ಸುಣ್ಣ ಬಳಿಸಿದೆ ತಂಗೀ. ನಾನಾಗಿ ಒಳಗೆ ಹೋಗಿ ಪೆಟ್ಟಿಗೆ ತೆಗೆದುಕೊಳ್ಳುವುದಿಲ್ಲ. ಹೆಣ್ಣು ಕೊಡುವುದು ತಾಯಿ. ನೀನು ಕೊಟ್ಟರೆ ಕೊಂಡುಹೋಗುತ್ತೇನೆ. ಇಲ್ಲದಿದ್ದರೆ ಬರಿಗೈಯಲ್ಲಿ ಹೋಗುತ್ತೇನೆ. ಈ ಮಗುವಿನದು ಮಾತ್ರ ನನ್ನ ಮನೆಯಲ್ಲಿ ಬೇಡ."

ಅಮ್ಮ ಒಳಗೆ ಹೋದಳು. ತಿರುಗಣೆಯ ಸದ್ದಿಗೆ ಕಿವಿಗೊಟ್ಟೆ, ಕೇಳಲಿಲ್ಲ. ಅವಳು ಮುಚ್ಚಳ ತೆಗೆಯಲಿಲ್ಲ. ತೆಗೆದಿದ್ದರೆ ಕೊಡುತ್ತಿರಲಿಲ್ಲ ಎಂದು ನನಗೆ ಖಂಡಿತ ಗೊತ್ತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಕರೆದಳು.

"ಅಕ್ಕಾ, ಒಂದು ಕಡೆ ಹಿಡಿಯಿರಿ. ನನ್ನೊಬ್ಬಳಿಂದ ಆಗುವುದಿಲ್ಲ."

ಎರಡು ಬದಿಯ ಕಬ್ಬಿಣದ ಹಿಡಿ ಹಿಡಿದುಕೊಂಡು ಇಬ್ಬರು ತಾಯಂದಿರು ಪೆಟ್ಟಿಗೆಯನ್ನು ಹೊರಗೆ ತಂದರು. ಸಣಕಲು ಮೈಯ ಅತ್ತೆಗೆ ಏದುಸಿರು ಬರುತ್ತಿತ್ತು. ಮೆಟ್ಟಿಲಲ್ಲಿ ನಿಂತು, ದಣಿವಾರಿಸಿ, ಮತ್ತೆ ಎತ್ತಿದರು. ನಾನು ಸಹಾಯಕ್ಕೆ ಮುಂದೆ ಹೋದರೆ ಇಬ್ಬರೂ ಒಟ್ಟಿಗೆ ಬೇಡ ಎಂದರು. ಟೆಂಪೋದ ಹಲಗೆಯ ಮೇಲೆ ಅದನ್ನು ತಳ್ಳಿದ ಮೇಲೂ ಅಮ್ಮನ ಕೈ ಹಿಡಿಯ ಮೇಲೆಯೇ ಇತ್ತು. ಅತ್ತೆ ಆ ಕೈಯನ್ನು ಬಿಡಿಸಲಿಲ್ಲ, ಅದಾಗಿಯೇ ಬಿಡುವ ತನಕ ಪಕ್ಕದಲ್ಲಿ ನಿಂತಿದ್ದರು. ನನ್ನ ಖುಷಿ ಎಲ್ಲಿ ಹೋಯಿತೋ. ನನಗೆ ಆ ಹೊತ್ತು ಸುಗುಣ ನಿಜವಾಗಿ ಹೊರಟಂತೆ ಕಂಡಿತು. ಟೆಂಪೋ ಹೊರಟಾಗ ನನ್ನ ಎಡಗಡೆ ಗಾಳಿ ಬಂದು ತಾಗಿತು. ಅಲ್ಲಿ ಅದುವರೆಗೆ ಯಾರೋ ನಿಂತಿದ್ದರು ಎಂದು ಅನಿಸಿತು.

ಅಮ್ಮ ಟೆಂಪೋದ ಹಿಂದೆ ರಸ್ತೆಯ ತನಕ ಹೋದಳು. ಜಗಲಿಯಲ್ಲಿ ಉಳಿದಿದ್ದ ನನ್ನ ಪೆಟ್ಟಿಗೆಯನ್ನು ಅಜ್ಜಿ ಒಳಗೆ ಸೇರಿಸಲು ಒಪ್ಪಲಿಲ್ಲ. ಪೆಟ್ಟಿಗೆ ತೊಳೆದರೆ ಸಾಕು, ಆದರೆ ಕುಲೆಯ ಮನೆಗೆ ಹೋಗಿ ಬಂದ ಬಟ್ಟೆ ಮೈಗೆ ಆಗದು, ಎಲ್ಲವನ್ನೂ ಗಂಟು ಕಟ್ಟಿ ಅಳಿವೆಗೆ ಹಾಕಬೇಕು ಎಂದು ಹಳೆಯ ಚಾದರ ಹಾಸಿದಳು. ನನಗೆ ಎಲ್ಲಿಂದ ಬಂತೋ ಸಿಟ್ಟು.

"ಅದು ನನ್ನದು! ನಾನು ಸತ್ತಿಲ್ಲ!"

ಅಜ್ಜಿಯ ಕೈಯಿಂದ ಕಳೆದ ವರ್ಷದ ದೀಪಾವಳಿಯ ಹಸಿರು ಲಂಗ, ರವಿಕೆ ಕಿತ್ತುಕೊಂಡೆ. ಒಳಗೆ ಓಡಿ ಹಾಕಿಕೊಳ್ಳತೊಡಗಿದೆ. ತೋಳು ಮೊಣಕೈಯ ಮೇಲೆಯೇ ಸಿಕ್ಕಿಕೊಂಡಿತು. ಎದೆಯ ಹತ್ತಿರ ಹುಕ್ಕು ಕೂಡಲಿಲ್ಲ. ಲಂಗ ಕಣಕಾಲಿಗಿಂತ ಎಷ್ಟೋ ಮೇಲೆ ನಿಂತಿತು. ಎಳೆದೆ, ಬಗ್ಗಿದೆ, ಬೆವರಿದೆ. ಅಷ್ಟರಲ್ಲಿ ಅಮ್ಮ ರಸ್ತೆಯಿಂದ ಮರಳಿ ಬಂದು ಬಾಗಿಲಲ್ಲಿ ನಿಂತಳು. ನನ್ನನ್ನು ಕಂಡು ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಯಾರನ್ನು ಕಂಡಳೋ ಆ ಕ್ಷಣ, ನಾನು ಕೇಳಲಿಲ್ಲ. ನಿಧಾನವಾಗಿ ಹತ್ತಿರ ಬಂದು, ಸಿಕ್ಕಿದ ತೋಳನ್ನು ಕೆಳಗೆ ಎಳೆದಳು. ಹೊಲಿಗೆ ಬಿಟ್ಟಿತು. ಅಮ್ಮ ಹರಿದ ಬಟ್ಟೆಯನ್ನು ನೋಡಲಿಲ್ಲ. ನನ್ನ ಕೈಯನ್ನು ನೋಡಿದಳು, ಭುಜ ನೋಡಿದಳು, ಮುಖ ನೋಡಿದಳು.

"ಇಷ್ಟು ಯಾವಾಗ ಬೆಳೆದೆ ಸುಮತಿ? ನನಗೆ ಗೊತ್ತೇ ಆಗಲಿಲ್ಲ ಮಗಾ."

ಅಮ್ಮ ನನ್ನನ್ನು ಎಳೆದು ಅಪ್ಪಿಕೊಂಡು ದೊಡ್ಡ ದನಿಯಲ್ಲಿ ಅಳತೊಡಗಿದಳು. ಅವಳು ಅಳುತ್ತಿದ್ದದ್ದು ಸುಗುಣಳಿಗಾಗಿ. ಅದು ನನಗೆ ಗೊತ್ತಿತ್ತು. ಹಿಡಿದುಕೊಂಡದ್ದು ನನ್ನನ್ನು.